ಅಜ್ಜಿ ಇರುವ ಮನೆಯಲ್ಲಿ ಮೂರೂವರೆ ವರ್ಷದ ಮಗುವಿಗೆ ‘ಟೈಮ್ ಔಟ್’ ನಡೆಯುತ್ತದೆಯೇ?

ಪ್ರಶ್ನೆ: ಇಬ್ಬರು ಮಕ್ಕಳ ತಾಯಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಮೂರೂವರೆ ವರ್ಷ, ಮಗಳಿಗೆ ಎಂಟು ತಿಂಗಳು. ಮಗಳು ಅಂಬೆಗಾಲಿಡಲು ಆರಂಭಿಸಿದಾಗಿನಿಂದ ಮಗನ ಹಟ ಹೆಚ್ಚಾಗಿದೆ. ಅವಳು ಅವನ ಆಟದ ಸಾಮಾನಿನ ಹತ್ತಿರ ಬಂದರೆ ತಳ್ಳುತ್ತಾನೆ, ಕೆಲವೊಮ್ಮೆ ಕಚ್ಚುತ್ತಾನೆ. ತಡೆಯಲು ಹೋದರೆ ನೆಲದ ಮೇಲೆ ಬಿದ್ದು ಹೊರಳಾಡಿ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಮಕ್ಕಳನ್ನು ಹೊಡೆಯಬಾರದು ಎಂದು ನಾನೂ ನನ್ನ ಪತಿಯೂ ಮೊದಲೇ ನಿರ್ಧರಿಸಿದ್ದೇವೆ. ಆದ್ದರಿಂದ ಅವನು ತಂಗಿಯನ್ನು ಕಚ್ಚಿದರೆ ಅಥವಾ ಹೊಡೆದರೆ, ಊಟದ ಮನೆಯ ಮೂಲೆಯಲ್ಲಿರುವ ಸಣ್ಣ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಒಬ್ಬನೇ ಕೂರಬೇಕು ಎಂಬ ‘ಟೈಮ್ ಔಟ್’ ಪದ್ಧತಿಯನ್ನು ಈಚೆಗೆ ಶುರುಮಾಡಿದ್ದೇನೆ.

ನಾವಿರುವುದು ಅತ್ತೆ ಮಾವನವರ ಜೊತೆಯಲ್ಲಿ. ಅವನು ಕುರ್ಚಿಯಲ್ಲಿ ಕುಳಿತು ಅಳುವುದಕ್ಕೂ ಅತ್ತೆಯವರು ಬಂದು ಎತ್ತಿಕೊಂಡು, ‘ಬಾ ಕಂದ, ಅಮ್ಮನಿಗೆ ಬುದ್ಧಿ ಇಲ್ಲ’ ಎಂದು ಕೈಗೊಂದು ಕೋಡುಬಳೆ ಕೊಟ್ಟು ಸಮಾಧಾನ ಮಾಡುವುದಕ್ಕೂ ಸರಿಹೋಗುತ್ತದೆ. ಮಾವನವರು, ‘ಒಂದು ಏಟಿನಲ್ಲಿ ಮುಗಿಯುವುದಕ್ಕೆ ಇಷ್ಟೆಲ್ಲ ಕಟ್ಟಳೆ ಯಾಕೆ’ ಎನ್ನುತ್ತಾರೆ. ಇಬ್ಬರ ಮೇಲೂ ನನಗೆ ದೂರಿಲ್ಲ. ನಾನು ಮನೆಯಿಂದಲೇ ಕಚೇರಿಯ ಕೆಲಸ ಮಾಡುವಾಗ ಎರಡು ಮಕ್ಕಳನ್ನೂ ನೋಡಿಕೊಳ್ಳುವವರು ಅವರೇ. ಕುರ್ಚಿಯಿಂದ ಎದ್ದು ಓಡಿದರೆ ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕು ಎಂದು ಸ್ನೇಹಿತೆಯೊಬ್ಬಳು ಸಲಹೆ ಕೊಟ್ಟಳು. ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಎಷ್ಟು ಹೊತ್ತು ಕೂರಿಸಬೇಕು, ಇದರಿಂದ ಮಗುವಿನ ಮನಸ್ಸಿಗೆ ಪೆಟ್ಟಾಗುತ್ತದೆಯೇ, ಹಿರಿಯರು ಜೊತೆಗಿರುವ ಮನೆಯಲ್ಲಿ ಇದನ್ನು ನಡೆಸಲು ಸಾಧ್ಯವೇ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಮಕ್ಕಳ ಆಪ್ತಸಮಾಲೋಚಕಿ, ಬೆಂಗಳೂರು

ಮೊದಲು ಚಿಲಕದ ಮಾತನ್ನು ಮುಗಿಸಿಬಿಡುತ್ತೇನೆ: ಖಂಡಿತ ಹಾಕಬೇಡಿ. ಚಿಲಕ, ಕತ್ತಲೆ, ಬಚ್ಚಲುಮನೆ, ಬಾಲ್ಕನಿ ಇವು ಯಾವುವೂ ಈ ಕ್ರಮಕ್ಕೆ ಸೇರಿದವಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಅಷ್ಟು ಚಿಕ್ಕ ಮಗು ಏನು ಮಾಡಿಕೊಂಡೀತೆಂಬುದು ಹೊರಗಿರುವವರಿಗೆ ತಿಳಿಯುವುದಿಲ್ಲ. ಹೆದರಿದ ಮಗು ಕಲಿಯುವ ಸ್ಥಿತಿಯಲ್ಲಿಯೂ ಇರುವುದಿಲ್ಲ. ‘ಗುಮ್ಮನಿಗೆ ಕೊಡುತ್ತೇನೆ’, ‘ಕತ್ತಲೆ ಕೋಣೆಗೆ ಹಾಕುತ್ತೇನೆ’ ಎಂಬ ಬೆದರಿಕೆಗಳನ್ನು ಕೇಳುತ್ತಲೇ ಬೆಳೆದ ನಮಗೆ ಟೈಮ್ ಔಟ್ ಎಂದರೆ ಅದೇ ಹಳೆಯ ಶಿಕ್ಷೆ ಹೊಸ ಹೆಸರಿನಲ್ಲಿ ಬಂದಂತೆ ತೋರುವುದು ಸಹಜ. ಹಲವು ಮನೆಗಳಲ್ಲಿ ಅದು ಹಾಗೆಯೇ ಆಗಿಬಿಟ್ಟಿರುವುದನ್ನೂ ನಾನು ನೋಡಿದ್ದೇನೆ.

ಈ ಕ್ರಮದ ಮೂಲ ತಿಳಿದರೆ ಅದರ ಒಳಗುಟ್ಟು ಸ್ಪಷ್ಟವಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ವರ್ತನಾ ವಿಜ್ಞಾನಿ ಚಾರ್ಲ್ಸ್ ಫರ್ಸ್ಟರ್ ಅವರು, ಆಹಾರ ಗಳಿಸುವ ಅವಕಾಶವನ್ನು ಸ್ವಲ್ಪ ಹೊತ್ತು ತಡೆಹಿಡಿದರೆ ಪಾರಿವಾಳ ಮತ್ತು ಚಿಂಪಾಂಜಿಗಳ ವರ್ತನೆ ಹೇಗೆ ಬದಲಾಗುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಅಧ್ಯಯನ ಮಾಡಿದರು. 1960ರ ದಶಕದ ಆರಂಭದಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಟಾಟ್ಸ್ ಇದೇ ತತ್ತ್ವವನ್ನು ತಮ್ಮ ಪುಟ್ಟ ಮಗಳನ್ನು ಬೆಳೆಸುವಾಗ ಬಳಸಿದರು. 1964ರಲ್ಲಿ ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲೆ ಮತ್ತು ಹೇಡನ್ ಮೀಸ್ ಪ್ರಕಟಿಸಿದ ವರದಿಯೊಂದು ಈ ಕ್ಷೇತ್ರದಲ್ಲಿ ಬಹಳ ಪ್ರಸಿದ್ಧವಾಗಿದೆ. ಅದರಲ್ಲಿ ಬರುವ ಹುಡುಗನೂ ನಿಮ್ಮ ಮಗನಂತೆ ಮೂರೂವರೆ ವರ್ಷದವನು, ಆಟಿಸಂ ಇದ್ದವನು. ಕಣ್ಣಿನ ಪೊರೆಯ ಕಾರಣದಿಂದ ಶಸ್ತ್ರಚಿಕಿತ್ಸೆ ಆಗಿದ್ದ ಅವನು ಕನ್ನಡಕ ಹಾಕಿಕೊಳ್ಳದಿದ್ದರೆ ದೃಷ್ಟಿಯನ್ನೇ ಕಳೆದುಕೊಳ್ಳುವ ಅಪಾಯವಿತ್ತು, ಆದರೆ ಅವನು ಕನ್ನಡಕವನ್ನು ಮುಖಕ್ಕೆ ತಾಗಿಸಲೂ ಬಿಡುತ್ತಿರಲಿಲ್ಲ. ರಂಪ ಮಾಡಿದಾಗ ಆಸ್ಪತ್ರೆಯ ಸಿಬ್ಬಂದಿ ಅವನನ್ನು ಅವನ ಕೋಣೆಯಲ್ಲಿ ಬಿಟ್ಟು, ಶಾಂತನಾದ ಮೇಲೆ ಹೊರಗೆ ಕರೆಯುತ್ತಿದ್ದರು. ಅದು ತಜ್ಞರ ಕಣ್ಗಾವಲಿನಲ್ಲಿ ನಡೆದದ್ದು, ಮನೆಗೆ ಮಾದರಿಯಲ್ಲ. ಈ ವರದಿಯನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಕನ್ನಡಕ ಹಾಕಿಕೊಳ್ಳುವುದನ್ನು ಅವನಿಗೆ ಕಲಿಸಿದ್ದು ಮಾತ್ರ ಬೇರೆಯೇ ಬಗೆಯಲ್ಲಿ: ಮೊದಲು ಗಾಜಿಲ್ಲದ ಬರಿಯ ಚೌಕಟ್ಟು ಕೊಟ್ಟು, ಅದನ್ನು ಕೈಯಲ್ಲಿ ಹಿಡಿದರೆ ತಿನ್ನಲು ಏನಾದರೂ ಕೊಡುವುದು, ಕಣ್ಣಿನ ಹತ್ತಿರ ತಂದರೆ ಮತ್ತೆ ಕೊಡುವುದು, ಹೀಗೆ ಹೆಜ್ಜೆಹೆಜ್ಜೆಯಾಗಿ. ಕೋಣೆಯಲ್ಲಿ ಬಿಡುವುದರಿಂದ ರಂಪವನ್ನು ತಗ್ಗಿಸಬಹುದಿತ್ತೇ ಹೊರತು ಹೊಸದೊಂದನ್ನು ಕಲಿಸಲು ಸಾಧ್ಯವಿರಲಿಲ್ಲ.

ನಿಮ್ಮ ಮಗನ ವಿಷಯವೂ ಹೀಗೆಯೇ. ಕುರ್ಚಿಯಲ್ಲಿ ಕೂರಿಸಿದಾಗ ಅವನಿಂದ ನಾವು ಕೆಲವು ನಿಮಿಷ ಹಿಂದಕ್ಕೆ ಪಡೆಯುವುದು ನಮ್ಮ ಗಮನವನ್ನು. ದಿನದ ಉಳಿದ ಹೊತ್ತಿನಲ್ಲಿ ಆ ಗಮನ ಧಾರಾಳವಾಗಿ ಸಿಗುತ್ತಿದ್ದರೆ ಮಾತ್ರ ಅದು ಇಲ್ಲವಾದದ್ದು ಮಗುವಿಗೆ ತಿಳಿಯುತ್ತದೆ. ಎಂಟು ತಿಂಗಳ ತಂಗಿ ಬಂದ ಮೇಲೆ ಅವನ ಪಾಲಿಗೆ ಉಳಿದಿರುವುದು ಗದರಿಕೆ ಮಾತ್ರ ಎಂದಾದರೆ, ಆ ಗದರಿಕೆಗಾಗಿಯೇ ಅವನು ಕಚ್ಚಿಯಾನು. 1970ರ ದಶಕದಲ್ಲಿ ಶೀಲಾ ಐಬರ್ಗ್ ರೂಪಿಸಿದ ತಂದೆ-ತಾಯಿ ತರಬೇತಿ ಕಾರ್ಯಕ್ರಮದ ಮೊದಲ ಹಂತದಲ್ಲಿ ಶಿಸ್ತಿನ ಪ್ರಸ್ತಾಪವೇ ಇರುವುದಿಲ್ಲ. ಮಗು ನಡೆಸಿದಂತೆ ಆಡುವುದನ್ನು ಹೆತ್ತವರು ಕಲಿಯುತ್ತಾರೆ. ಅದು ಕೈವಶವಾದ ಮೇಲೆಯೇ ಎರಡನೆಯ ಹಂತದಲ್ಲಿ ಕುರ್ಚಿ ಬರುತ್ತದೆ. ಆದ್ದರಿಂದ ಮಗಳು ಮಲಗಿರುವ ಹೊತ್ತಿನಲ್ಲಿ, ದಿನವೂ ಸ್ವಲ್ಪ ಹೊತ್ತು, ಫೋನನ್ನು ದೂರವಿಟ್ಟು, ಪ್ರಶ್ನೆ ಕೇಳದೆ, ತಿದ್ದದೆ ಅವನ ಜೊತೆ ಆಡಿ. ಎಲ್ಲಕ್ಕಿಂತ ಕಷ್ಟವಾದ ಭಾಗ ಇದೇ ಎಂದು ನನ್ನ ಬಳಿ ಬರುವ ತಾಯಂದಿರು ಹೇಳುತ್ತಾರೆ.

ಇನ್ನು ವಿಧಾನ. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ. ನಿಮ್ಮ ಮಗನ ವಯಸ್ಸಿಗೆ ಸರಿಯಾಗಿದೆ. ಹೊಡೆಯುವುದು, ಕಚ್ಚುವುದು, ಈ ಎರಡಕ್ಕೆ ಮಾತ್ರ ಮೀಸಲಿಡಿ. ಅನ್ನ ಚೆಲ್ಲಿದ್ದಕ್ಕೂ ಅತ್ತದ್ದಕ್ಕೂ ಬಳಸಿದರೆ ಅದರ ಬೆಲೆ ಇಳಿಯುತ್ತದೆ. ಸಿಟ್ಟಿಲ್ಲದ ದನಿಯಲ್ಲಿ, ‘ತಂಗಿಯನ್ನು ಕಚ್ಚಿದೆ, ಕುರ್ಚಿಯಲ್ಲಿ ಕೂತುಕೋ’ ಎಂದಷ್ಟೇ ಹೇಳಿ ಕೂರಿಸಿ. ಉಪದೇಶ ಬೇಡ, ಏಕೆಂದರೆ ಉಪದೇಶವೂ ಗಮನವೇ. ವಯಸ್ಸಿನ ವರ್ಷಕ್ಕೊಂದು ನಿಮಿಷ ಎಂಬ ರೂಢಿಯ ಲೆಕ್ಕದಲ್ಲಿ ಮೂರು ನಿಮಿಷ ಸಾಕು, ಹೆಚ್ಚು ಕೂರಿಸಿದರೆ ಹೆಚ್ಚಿನ ಫಲ ಸಿಗುವುದಿಲ್ಲ. ನೀವು ಅವನ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಬೇರೆ ಕೆಲಸದಲ್ಲಿರಿ. ಎದ್ದು ಓಡಿದರೆ ಮಾತಿಲ್ಲದೆ ಕರೆತಂದು ಮತ್ತೆ ಕೂರಿಸಿ. ಅಳು ತಗ್ಗಿದ ಮೇಲೆ ಎಬ್ಬಿಸಿ, ಆಗಿದ್ದನ್ನು ಕೆದಕದೆ, ಅವನು ತಂಗಿಯ ಹತ್ತಿರ ಮೆಲ್ಲಗೆ ಕೈಯಾಡಿಸಿದ ಮೊದಲ ಸಂದರ್ಭದಲ್ಲಿಯೇ ಅದನ್ನು ಗುರುತಿಸಿ ಮೆಚ್ಚಿಕೊಳ್ಳಿ. ಆಟದ ಸಾಮಾನನ್ನು ಎತ್ತಿಡು ಎಂದಾಗ ಒಲ್ಲೆನೆಂದು ಹೊಡೆದಿದ್ದರೆ ಮಾತ್ರ, ಎದ್ದ ಮೇಲೆ ಆ ಸಾಮಾನನ್ನು ಅವನೇ ಎತ್ತಿಡಬೇಕು. ಇಲ್ಲದಿದ್ದರೆ ಕೆಲಸ ತಪ್ಪಿಸಿಕೊಳ್ಳಲು ಕುರ್ಚಿಯೇ ಒಳ್ಳೆಯ ಉಪಾಯವೆಂದು ಕಂಡುಕೊಳ್ಳುತ್ತಾನೆ.

ಆರಂಭದಲ್ಲಿ ರಂಪ ಹೆಚ್ಚಾಗುತ್ತದೆ. ಈ ಹಿಂದೆ ಅತ್ತರೆ ಸಿಗುತ್ತಿದ್ದದ್ದು ಈಗ ಸಿಗದಿದ್ದಾಗ, ಇನ್ನೂ ಜೋರಾಗಿ ಅತ್ತು ನೋಡುವುದು ಮಗುವಿನ ದೃಷ್ಟಿಯಿಂದ ತರ್ಕಬದ್ಧವೇ. ನಿಮ್ಮ ಮನೆಯ ಕೋಡುಬಳೆಯ ತೊಡಕು ಇರುವುದೂ ಇಲ್ಲಿಯೇ. ನೀವು ಹಿಂದಕ್ಕೆ ಪಡೆದ ಗಮನ ಅಜ್ಜಿಯ ಕಡೆಯಿಂದ ಎರಡು ಪಟ್ಟಾಗಿ ಹರಿದುಬಂದರೆ, ಕಚ್ಚುವುದಕ್ಕೆ ಬಹುಮಾನ ಸಿಕ್ಕಿದಂತಾಯಿತು. ತಂದೆ, ತಾಯಿ, ಮಗು ಮಾತ್ರ ಇರುವ ಮನೆಯಲ್ಲಿ ಇದನ್ನು ಒಬ್ಬರೇ ನಿರ್ಧರಿಸಿ ನಡೆಸಬಹುದು. ನಾಲ್ವರು ದೊಡ್ಡವರಿರುವ ಮನೆಯಲ್ಲಿ ನಾಲ್ವರೂ ಒಪ್ಪದೆ ಅದು ನಡೆಯುವುದೇ ಇಲ್ಲ. ಅತ್ತೆಯವರನ್ನು ಒಪ್ಪಿಸಲಾಗದಿದ್ದರೆ ಕುರ್ಚಿಯನ್ನು ಕೈಬಿಟ್ಟು, ಜೊತೆಯಲ್ಲಿ ಆಡುವುದೊಂದನ್ನೇ ಮುಂದುವರಿಸಿ ಎನ್ನುತ್ತೇನೆ.

ಉತ್ತರ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಹಾಸನ

ಸಮಾಲೋಚಕಿಯವರ ವಿವರಣೆ ಉಪಯುಕ್ತವಾಗಿದೆ, ಆದರೂ ನನಗೆ ಈ ಪದ್ಧತಿಯ ಬಗ್ಗೆ ಅನುಮಾನ ಪೂರ್ತಿ ಹೋಗಿಲ್ಲ. ಪುಸ್ತಕದಲ್ಲಿ ಮೂರು ನಿಮಿಷವೆಂದು ಬರೆದಿರುವುದು ದಣಿದ ದೊಡ್ಡವರ ಕೈಯಲ್ಲಿ ಅರ್ಧ ಗಂಟೆಯಾಗುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವುದು, ಗೋಡೆಗೆ ಮುಖಮಾಡಿ ನಿಲ್ಲಿಸುವುದು, ತರಗತಿಯ ಹೊರಗೆ ಮೊಣಕಾಲೂರಿ ಕೂರಿಸುವುದು ಶಿಕ್ಷೆಯೆಂದೇ ಯಾರಿಗೂ ಅನ್ನಿಸುತ್ತಿರಲಿಲ್ಲ; ಹೊಡೆಯದ ಮೇಷ್ಟ್ರು ಎಂದು ಅಂಥವರಿಗೆ ಒಳ್ಳೆಯ ಹೆಸರೂ ಇತ್ತು.

ಶಾಲೆಗಳ ಮಟ್ಟಿಗೆ ಕಾನೂನು ಈಗ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅದರ ಆಧಾರದ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಹೊರಡಿಸಿದ ಮಾರ್ಗಸೂಚಿ, ಮಗುವನ್ನು ತರಗತಿ, ಗ್ರಂಥಾಲಯ, ಶೌಚಾಲಯ ಅಥವಾ ಶಾಲೆಯ ಯಾವುದೇ ಮುಚ್ಚಿದ ಜಾಗದಲ್ಲಿ ಕೂಡಿಹಾಕುವುದನ್ನು ದೈಹಿಕ ಶಿಕ್ಷೆಯ ಪಟ್ಟಿಯಲ್ಲಿಯೇ ಸೇರಿಸಿದೆ. ಆ ಕಾಯ್ದೆ 6ರಿಂದ 14 ವರ್ಷದವರಿಗೆ ಸಂಬಂಧಿಸಿದ್ದು, ನಿಮ್ಮ ಮಗನಷ್ಟು ಚಿಕ್ಕವರಿಗೆ ನೇರವಾಗಿ ಅನ್ವಯಿಸದು ಎಂಬುದು ನಿಜ. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆ ಉಂಟಾಗುವಂತೆ ನಡೆದುಕೊಳ್ಳುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಅಲ್ಲಿ ವಯಸ್ಸಿನ ಕೆಳಮಿತಿಯಿಲ್ಲ. ಮೂರು ನಿಮಿಷ ಕುರ್ಚಿಯಲ್ಲಿ ಕೂರಿಸಿದ ತಾಯಿಗೆ ಕಾನೂನಿನ ಭಯ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಸ್ನೇಹಿತೆ ಸೂಚಿಸಿದ ಚಿಲಕ ಎಷ್ಟು ದೂರದ ಮಾತು ಎಂಬುದು ತಿಳಿಯಲೆಂದು ಬರೆದೆ.

ನನ್ನ ಸಲಹೆ ಸರಳವಾದದ್ದು. ಅವನಿಗೆ ತಂಗಿಯ ವಿಷಯದಲ್ಲಿ ಒಂದು ಕೆಲಸ ಕೊಡಿ. ಸ್ನಾನದ ಹೊತ್ತಿಗೆ ಟವೆಲು ತರುವುದು, ಗಿಲಕಿ ಆಡಿಸುವುದು, ಅವಳು ಎದ್ದಳೆಂದು ಅಜ್ಜಿಗೆ ಬಂದು ಹೇಳುವುದು, ಇಂಥವು ಸಾಕು. ತಂಗಿಗೆ ಎಟುಕದ ಎತ್ತರದಲ್ಲಿ ಅವನ ಸಾಮಾನಿಗಾಗಿಯೇ ಒಂದು ಕಪಾಟಿನ ಅರೆಯನ್ನು ಬಿಟ್ಟುಕೊಡಿ. ಅರ್ಧಕ್ಕರ್ಧ ಜಗಳ ಹುಟ್ಟುವುದೇ ಇಲ್ಲ. ಕೊನೆಯದಾಗಿ ಒಂದು ಮಾತು: ಪ್ರಶ್ನೆಯಲ್ಲಿ ಮಗುವಿನ ತಂದೆ ಒಂದೇ ಒಂದು ವಾಕ್ಯದಲ್ಲಿ ಕಾಣಿಸಿಕೊಂಡು ಮಾಯವಾಗಿದ್ದಾರೆ. ಕುರ್ಚಿಯ ಕೆಲಸವನ್ನು ಅವರೂ ಮಾಡುತ್ತಾರೆಯೇ, ಅಥವಾ ಮನೆಯಲ್ಲಿ ಕೆಟ್ಟವಳಾಗುವ ಹೊಣೆ ತಾಯಿಗೆ ಮಾತ್ರವೇ?

ಉತ್ತರ: ಬಾಲವಾಡಿ ಸಹಾಯಕಿ, ಓಹಾಯೊ, ಅಮೆರಿಕ (ಊರು ತುಮಕೂರು)

ಮೇಷ್ಟ್ರ ಅನುಮಾನಕ್ಕೆ ಇಲ್ಲಿಯ ಅನುಭವವೂ ಪುಷ್ಟಿ ಕೊಡುತ್ತದೆ. ಬಡ ಕುಟುಂಬಗಳ ಚಿಕ್ಕ ಮಕ್ಕಳಿಗಾಗಿ ಸರ್ಕಾರದ ನೆರವಿನಿಂದ ನಡೆಯುವ ‘ಹೆಡ್ ಸ್ಟಾರ್ಟ್’ ಕೇಂದ್ರಗಳಲ್ಲಿ, ಶಿಸ್ತಿಗಾಗಿ ಮಗುವನ್ನು ಒಂಟಿಯಾಗಿ ಪ್ರತ್ಯೇಕಿಸುವುದನ್ನು 2016ರ ನಿಯಮಗಳು ನಿಷೇಧಿಸಿವೆ. ಹೊರಗೆ ಆಡುವ ಹೊತ್ತನ್ನು ಶಿಕ್ಷೆಯಾಗಿ ಕಸಿದುಕೊಳ್ಳುವುದಕ್ಕೂ ಅವಕಾಶವಿಲ್ಲ. ಮಗು ಕೆರಳಿದಾಗ ನಾವು ಒಬ್ಬರು ಅದರ ಪಕ್ಕದಲ್ಲಿ ಕುಳಿತಿರುತ್ತೇವೆ. ದಿಂಬು, ಚಿತ್ರದ ಪುಸ್ತಕ ಇಟ್ಟ ಮೂಲೆಯೊಂದು ಇರುತ್ತದೆ, ಮಗು ಬೇಕಾದರೆ ಅಲ್ಲಿಗೆ ಹೋಗಬಹುದು, ಬೇಕಾದಾಗ ಎದ್ದು ಬರಬಹುದು. ಒಂದೇ ತರಗತಿಯಲ್ಲಿ ಹಲವು ಮಕ್ಕಳಿರುವಾಗ ಯಾರನ್ನು, ಯಾವ ಕಾರಣಕ್ಕೆ, ಎಷ್ಟು ಹೊತ್ತು ಕೂರಿಸಲಾಯಿತು ಎಂಬುದಕ್ಕೆ ಹಿಡಿತವಿರುವುದಿಲ್ಲ ಎಂಬುದು ನನಗೆ ಕಂಡ ಕಾರಣ. ನಿಮ್ಮ ಮಗನ ಶಿಶುವಿಹಾರದಲ್ಲಿಯೂ ಇಂಥ ಕುರ್ಚಿ ಇದೆಯೇ ಎಂದು ವಿಚಾರಿಸಿ. ಎರಡೂ ಕಡೆ ಇದ್ದರೆ ಮಗುವಿಗೆ ದಿನವಿಡೀ ಕುರ್ಚಿಯೇ ಆದೀತು.

ಮನಸ್ಸಿಗೆ ಪೆಟ್ಟಾಗುತ್ತದೆಯೇ ಎಂದು ಕೇಳಿದ್ದೀರಿ. ಈ ಭಯ ವ್ಯಾಪಕವಾಗಿ ಹರಡಿದ್ದು 2014ರಲ್ಲಿ ಟೈಮ್ ಪತ್ರಿಕೆಯಲ್ಲಿ ಮನೋವೈದ್ಯ ಡೇನಿಯಲ್ ಸೀಗಲ್ ಮತ್ತು ಮನೋಚಿಕಿತ್ಸಕಿ ಟೀನಾ ಪೇನ್ ಬ್ರೈಸನ್ ಬರೆದ ಲೇಖನದಿಂದ. ತಾವು ವಿರೋಧಿಸಿದ್ದು ತಪ್ಪಾಗಿ ಬಳಸುವುದನ್ನು ಎಂದು ಸೀಗಲ್ ಆಮೇಲೆ ಸ್ಪಷ್ಟಪಡಿಸಿದರಾದರೂ, ಎಂದಿನಂತೆ ಸ್ಪಷ್ಟನೆಯನ್ನು ಓದಿದವರು ಕಡಿಮೆ. ಮುಂದೆ 2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 1,400 ಕುಟುಂಬಗಳನ್ನು ಹಲವು ವರ್ಷ ಅನುಸರಿಸಿದ ಮಾಹಿತಿಯನ್ನು ಪರಿಶೀಲಿಸಿದಾಗ, ಟೈಮ್ ಔಟ್ ಬಳಸಿದ ಮನೆಗಳ ಮಕ್ಕಳಲ್ಲಿ ಆತಂಕ, ಖಿನ್ನತೆ ಅಥವಾ ಆಕ್ರಮಣಶೀಲತೆ ಹೆಚ್ಚಾಗಿ ಕಂಡುಬರಲಿಲ್ಲ. ನಿಮ್ಮ ಮಾವನವರಿಗೂ ಒಂದು ಮಾತು ತಿಳಿಸಬಹುದು: ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರ ತನ್ನ ಹೇಳಿಕೆಯಲ್ಲಿ ಮಕ್ಕಳಿಗೆ ಹೊಡೆಯುವುದೇ ಬೇಡವೆಂದು ಹೇಳಿದೆ. ಹೊಡೆತದಿಂದ ಮಗುವಿನ ಆಕ್ರಮಣಶೀಲತೆ ತಗ್ಗುವುದಿಲ್ಲ, ಕಾಲಕ್ರಮೇಣ ಹೆಚ್ಚುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಮಾವನವರು ಅಮೆರಿಕದ ಮಾತನ್ನು ಒಪ್ಪುವವರೋ ಅಲ್ಲವೋ, ನಿಮಗೇ ಗೊತ್ತು.

ಎಚ್ಚರಿಕೆಯೊಂದನ್ನು ಸೇರಿಸುತ್ತೇನೆ. ಹಿಂಸೆಯನ್ನೋ ಅಗಲಿಕೆಯನ್ನೋ ಅನುಭವಿಸಿ ಬಂದ ಮಕ್ಕಳಿಗೆ ಒಬ್ಬರೇ ಕೂರುವುದು ಬೇರೆಯೇ ಅರ್ಥ ಕೊಡುತ್ತದೆ. ಗದ್ದಲವನ್ನು ತಾಳಲಾರದೆ ಒಂಟಿತನವನ್ನೇ ಬಯಸುವ ಮಕ್ಕಳೂ ಇದ್ದಾರೆ. ಅವರನ್ನು ಮೂಲೆಗೆ ಕಳಿಸಿದರೆ ಕೇಳಿದ್ದನ್ನೇ ಕೊಟ್ಟಂತಾಗುತ್ತದೆ.

ಉತ್ತರ: ಮೂರು ಮೊಮ್ಮಕ್ಕಳ ಅಜ್ಜಿ, ಶಿವಮೊಗ್ಗ

ಇಷ್ಟು ಜನ ಮಾತನಾಡಿದರೂ ಕೋಡುಬಳೆ ಕೊಟ್ಟ ಅಜ್ಜಿಯ ಪರವಾಗಿ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ತಾಯಿ, ನೀವು ನನ್ನ ಸೊಸೆಯ ವಯಸ್ಸಿನವರು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಅತ್ತೆಯವರಿಗೆ ಆ ಮೂರು ನಿಮಿಷಗಳಲ್ಲಿ ಏನು ಮಾಡಬಾರದು ಎಂದು ಹೇಳಲಾಗಿದೆ, ಏನು ಮಾಡಬೇಕು ಎಂದು ಹೇಳಿದಂತೆ ಕಾಣುವುದಿಲ್ಲ. ದಿನವಿಡೀ ಎತ್ತಿ ಆಡಿಸಿದ ಮೊಮ್ಮಗು ಎದುರಿಗೆ ಕುಳಿತು ಕೈಚಾಚಿ ಅಳುವಾಗ ಸುಮ್ಮನೆ ನಿಂತು ನೋಡು ಎಂದರೆ ನಮ್ಮಂಥವರಿಂದ ಆಗುವ ಕೆಲಸವಲ್ಲ ಅದು. ಇನ್ನೊಂದು ವಿಷಯವನ್ನೂ ಯೋಚಿಸಿ. ಮನೆಯ ಸೊಸೆ ಯಾವುದೋ ವಿಡಿಯೊ ನೋಡಿ ತಂದ ನಿಯಮಕ್ಕೆ ತಾನು ತಲೆಬಾಗಬೇಕು ಎಂದು ಅತ್ತೆಗೆ ಅನ್ನಿಸಿದರೆ, ಜಗಳ ಮಗುವಿನ ವಿಷಯಕ್ಕೆ ನಿಲ್ಲುವುದಿಲ್ಲ.

ನಮ್ಮ ಮನೆಯಲ್ಲಿ ಸೊಸೆ ಹೀಗೆ ಮಾಡಿದಳು. ದೊಡ್ಡ ಮೊಮ್ಮಗ ಹೊಡೆದಾಗ ನನ್ನ ಕೆಲಸ ಚಿಕ್ಕವಳನ್ನು ಎತ್ತಿಕೊಂಡು ವರಾಂಡಕ್ಕೆ ಹೋಗುವುದು ಎಂದು ಮೊದಲೇ ಮಾತಾಯಿತು. ಪೆಟ್ಟು ತಿಂದ ಮಗುವಿಗೆ ಸಮಾಧಾನ ಬೇಕಲ್ಲ, ನನ್ನ ತೋಳಿಗೂ ಒಂದು ಮಗು ಬೇಕಲ್ಲ, ಎರಡೂ ಆಯಿತು. ದೊಡ್ಡವನು ಶಾಂತನಾಗಿ ಎದ್ದ ಮೇಲೆ ಅವನನ್ನು ಮೊದಲು ಕರೆದು ತೊಡೆಯ ಮೇಲೆ ಕೂರಿಸಿಕೊಳ್ಳುವ ಹಕ್ಕು ನನ್ನದು. ತಿಂಡಿ ಬೇಕಾದರೆ ಆಗ ಕೊಡುತ್ತೇನೆ, ಆ ಹೊತ್ತಿಗೆ ಅದು ಅಳುವಿನ ಸಂಬಳವಾಗಿರುವುದಿಲ್ಲ. ಅಮ್ಮನನ್ನು ಬೈದು ಮಗುವನ್ನು ಓಲೈಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಅದನ್ನು ನಿಮ್ಮ ಅತ್ತೆಯವರಿಗೆ ನಿಮ್ಮ ಪತಿ ಹೇಳಲಿ. ಮಗನ ಬಾಯಿಂದ ಬಂದರೆ ಕೇಳಿಕೊಳ್ಳುತ್ತೇವೆ, ಸೊಸೆಯ ಬಾಯಿಂದ ಬಂದರೆ ನೆನಪಿಟ್ಟುಕೊಳ್ಳುತ್ತೇವೆ.

ಮರುಪ್ರಶ್ನೆ: ಇಬ್ಬರು ಮಕ್ಕಳ ತಾಯಿ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರ ಕೊನೆಯ ಪ್ರಶ್ನೆಯನ್ನು ನನ್ನ ಪತಿಗೆ ಓದಿ ಹೇಳಿದೆ. ಉತ್ತರ ಬರೆಯುವ ಬದಲು ಅವರು ಸಂಜೆ ಕುಳಿತು ಅತ್ತೆಯವರೊಂದಿಗೆ ಮಾತನಾಡಿದರು. ಶಿವಮೊಗ್ಗದ ಅಮ್ಮನವರು ಹೇಳಿದ ಏರ್ಪಾಡಿಗೆ ಅತ್ತೆಯವರು, ‘ಆಯಿತು, ಆದರೆ ಮೂರು ನಿಮಿಷವೆಂದರೆ ಮೂರೇ ನಿಮಿಷ, ಗಡಿಯಾರ ನಾನೇ ನೋಡುತ್ತೇನೆ’ ಎಂಬ ಷರತ್ತಿನ ಮೇಲೆ ಒಪ್ಪಿದ್ದಾರೆ. ಮಾವನವರು ಇನ್ನೂ ಒಪ್ಪಿಲ್ಲ, ಆದರೆ ಕಪಾಟಿನ ಅರೆಗೆ ಮೊಳೆ ಹೊಡೆದುಕೊಟ್ಟಿದ್ದಾರೆ. ಮಗ ಕಚ್ಚುವುದು ಕಡಿಮೆಯಾಗಿದೆ, ತಳ್ಳುವುದು ಹಾಗೆಯೇ ಇದೆ.

ಇನ್ನೊಂದು ಸಂದೇಹ. ಮುಂದಿನ ತಿಂಗಳು ನೆಂಟರ ಮದುವೆಗೆ ಹೋಗಬೇಕು. ಅಲ್ಲಿ ಏನು ಮಾಡಲಿ? ತಜ್ಞರನ್ನು ಕಾಣಬೇಕಾದ ಸಂದರ್ಭ ಯಾವುದು ಎಂಬುದನ್ನೂ ತಿಳಿಸಿ.

ಉತ್ತರ: ಮಕ್ಕಳ ಆಪ್ತಸಮಾಲೋಚಕಿ, ಬೆಂಗಳೂರು

ಗಡಿಯಾರ ಅತ್ತೆಯವರ ಕೈಗೆ ಹೋದದ್ದು ಬಹಳ ಒಳ್ಳೆಯದಾಯಿತು. ಮೇಷ್ಟ್ರು ಹೇಳಿದ ಅರ್ಧ ಗಂಟೆಯ ಅಪಾಯಕ್ಕೆ ಅದಕ್ಕಿಂತ ಒಳ್ಳೆಯ ತಡೆ ನನಗೆ ತಿಳಿದಿಲ್ಲ.

ಕಲ್ಯಾಣ ಮಂಟಪದಲ್ಲಿ ಕುರ್ಚಿಯ ಕ್ರಮ ಬೇಡ. ಅಷ್ಟು ಜನರ ಎದುರು ಮಗುವನ್ನು ಕೂರಿಸಿದರೆ ಅದು ಅವಮಾನವಾಗುತ್ತದೆ, ಬಂದುಹೋಗುವ ನೆಂಟರೆಲ್ಲ ಗಮನ ಕೊಡುವುದರಿಂದ ಉದ್ದೇಶವೂ ಕೆಡುತ್ತದೆ. ವಾದ್ಯದ ಸದ್ದು, ನಿದ್ದೆಯ ಹೊತ್ತು ತಪ್ಪುವುದು, ತಡವಾದ ಊಟ, ಇವು ಸೇರಿದರೆ ಯಾವ ಮಗುವಾದರೂ ಕೆರಳುತ್ತದೆ. ಮೊದಲ ಪಂಕ್ತಿಯಲ್ಲಿಯೇ ಊಟ ಮಾಡಿಸಿ. ಹಟ ಶುರುವಾದರೆ ಅವನನ್ನು ಎತ್ತಿಕೊಂಡು ಹೊರಗೆ ಹೋಗಿ, ಶಾಂತನಾಗುವವರೆಗೆ ಜೊತೆಯಲ್ಲೇ ಇರಿ. ಇದನ್ನು ಅವನ ತಂದೆ ಮಾಡಿದರೂ ಆಗುತ್ತದೆ.

ತನಗೇ ಗಾಯ ಮಾಡಿಕೊಳ್ಳುತ್ತಿದ್ದರೆ, ವಯಸ್ಸಿಗೆ ತಕ್ಕಷ್ಟು ಮಾತು ಬಾರದಿದ್ದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಅಥವಾ ಮನೆ ಮತ್ತು ಶಿಶುವಿಹಾರ ಎರಡೂ ಕಡೆ ತಿಂಗಳುಗಟ್ಟಲೆ ಇದೇ ಸ್ಥಿತಿ ಮುಂದುವರಿದರೆ ಮೊದಲು ನಿಮ್ಮ ಮಕ್ಕಳ ವೈದ್ಯರನ್ನು ಕಾಣಿ. ಮಾತಿನ ಮತ್ತು ಶ್ರವಣದ ಪರೀಕ್ಷೆಗೆ ನಿಮ್ಮ ಊರಿನಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಇವನ್ನು ಕಾಯುತ್ತಾ ಕೂರುವಾಗ ನಿಮಗೇ ಸಹನೆ ಮೀರುತ್ತಿದೆ ಎನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಅದು ದೊಡ್ಡವರಿಗೂ ಇರುವ ಸೇವೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ತಳ್ಳುವುದನ್ನು ಸದ್ಯಕ್ಕೆ ಕುರ್ಚಿಯ ಪಟ್ಟಿಗೆ ಸೇರಿಸಬೇಡಿ. ಕಚ್ಚುವುದು ಪೂರ್ತಿ ನಿಲ್ಲಲಿ, ಆಮೇಲೆ ನೋಡೋಣ.